ಹದಿನೇಳು ಸಾವಿರದೊಳಗೆ ನಾಲ್ಕು ತಟ್ಟೆ

ಅಶ್ವತ್ಥಪ್ಪ ಚಿನ್ನದ ಗಣಿಯೂರು ಉರಿಗಾಂನಲ್ಲಿದ್ದ ತಮ್ಮನ ಮನೆಗೆ ಬರಿಗೈಲಿ ಬಂದವನೇ ಅಲ್ಲ. ಬೂದಿಕೋಟೆ ಪಕ್ಕದ ಊರಿನಿಂದ ಬಸ್ಸು ಹತ್ತುವಾಗ ಕ್ಯಾನಿನಲ್ಲಿ ಮನೆ ಹಸುವಿನ ಹಾಲು, ಚೀಲದಲ್ಲಿ ಬದನೆಕಾಯಿ, ನಾಲಿಗೆಯ ಮೇಲೆ ಒಂದಿಷ್ಟು ಬುದ್ಧಿಮಾತು ಇಟ್ಟುಕೊಂಡೇ ಬರುತ್ತಿದ್ದ. ಆ ಶ್ರಾವಣದ ಭಾನುವಾರ ಹಾಲೂ ಬದನೆಕಾಯಿಯೂ ಎಂದಿನಷ್ಟೇ ಇದ್ದವು. ಬುದ್ಧಿಮಾತು ಮಾತ್ರ ತೂಕ ಹೆಚ್ಚಿತ್ತು.

ತಮ್ಮನ ಸಂಬಳ ಇಳಿದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಶ್ರೀಧರ್ ಹನ್ನೆರಡು ವರ್ಷದಿಂದ ಬೆಂಗಳೂರಿನ ಹೊರವಲಯದ ಒಂದು ಗೋಡೌನಿನಲ್ಲಿ ಲಾರಿಗಳಿಗೆ ಮಾಲು ತುಂಬಿಸುವವರ ಮೇಸ್ತ್ರಿ. ದಿನಾ ರೈಲಿನಲ್ಲಿ ಹೋಗಿಬರುವ ಕೆಲಸ. ಹೊಸ ಕಾಂಟ್ರಾಕ್ಟರು ಬಂದವನೇ ಓವರ್‌ಟೈಮು ನಿಲ್ಲಿಸಿದ. ಇಪ್ಪತ್ತೈದು ಸಾವಿರ ಬರುತ್ತಿದ್ದ ಕೈಗೆ ಹದಿನೇಳೂವರೆ ಬರತೊಡಗಿತು. ಮನೆಖರ್ಚು ಮಾತ್ರ ಇಪ್ಪತ್ನಾಲ್ಕರಿಂದ ಒಂದು ಮೆಟ್ಟಿಲೂ ಕೆಳಗಿಳಿಯಲಿಲ್ಲ. ಕೂಡಿಟ್ಟಿದ್ದ ಚೂರುಪಾರು ಕರಗತೊಡಗಿತು.

"ನೋಡ್ಲಾ ಶ್ರೀಧರ," ಎಂದ ಅಶ್ವತ್ಥಪ್ಪ, ಕಾಫಿ ಲೋಟ ಕೆಳಗಿಡುತ್ತಾ. "ಖರ್ಚು ಕಮ್ಮಿ ಆಗ್ಬೇಕಂದ್ರೆ ಉಣ್ಣೋ ಬಾಯಿ ಕಮ್ಮಿ ಆಗ್ಬೇಕು. ಅಮ್ಮನ್ನ ನಾನು ಕರ್ಕೊಂಡೋಯ್ತೀನಿ. ಇನ್ನು ನವ್ಯ. ಮುಳಬಾಗಿಲು ಕಡೆಯಿಂದ ಒಂದು ಸಂಬಂಧ ಬಂದದೆ. ಉಡ್ಗ ಆಲಿನ ವ್ಯಾನ್ ಮಡಗವ್ನೆ. ಅವ್ರು ಏನೂ ಕೇಳ್ತಿಲ್ಲ. ಪರೀಕ್ಷೆ ಮುಗೀಲಿ, ಅದಿನೆಂಟು ತುಂಬ್ಲಿ, ಮಾಡಿ ಕೈ ತೊಳ್ಕಳಾಣ. ಆಮೇಲೆ ನೀವಿಬ್ರೇ. ಅದಿನೇಳು ಸಾವಿರದಾಗೆ ರಾಜನಂಗಿರ್ಬೋದು."

ಶ್ರೀಧರ್ ನೆಲ ನೋಡುತ್ತಿದ್ದ. ಅವನ ತಾಯಿ ಮುನಿನಾರಾಯಣಮ್ಮ ಬಾಗಿಲ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಸುಲಿಯುತ್ತಲೇ ಇದ್ದಳು. ಒಳಕೋಣೆಯಲ್ಲಿ ಅವನ ಮಗಳು ನವ್ಯ ಪಿಯುಸಿ ಪುಸ್ತಕದ ಹಾಳೆ ತಿರುವುವ ಸದ್ದು ನಿಂತುಹೋಗಿತ್ತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶ್ಯಾಮಲ ಗಂಡನ ಕಡೆ ನೋಡಿದಳು. ಅವನು ಏನಾದರೂ ಹೇಳಲಿ ಎಂದು ಕಾದಳು. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಅವಳು ಭಾವನ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಹಾಗೆಂದು ಮಾತು ಬಾರದವಳೂ ಅಲ್ಲ. ಗಂಡ ಬಾಯಿ ಬಿಚ್ಚುವ ಲಕ್ಷಣ ಕಾಣಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಬಂದಳು.

"ಬಾವ," ಎಂದಳು. "ಈ ಮನೇಲಿ ದಿನಾ ನಾಕು ತಟ್ಟೆ ಆಕ್ತೀನಿ. ಉಗಾದಿ ದಿನವೂ ನಾಕೇ ತಟ್ಟೆ ಆಕ್ತೀನಿ. ಅಷ್ಟೊತ್ಗೆ ತಿಂಗಳ ಖರ್ಚು ಅದಿನೇಳರ ಒಳಕ್ಕೆ ಇಳಿಸ್ತೀನಿ. ಮನುಷ್ಯರನ್ನ ಇಳಿಸಲ್ಲ."

ಅಶ್ವತ್ಥಪ್ಪನಿಗೆ ನಗು ಬಂತು. ಕೆಟ್ಟ ಮನುಷ್ಯನೇನಲ್ಲ ಅವನು. ಹೆಂಗಸೊಬ್ಬಳು ಲೆಕ್ಕದ ಮಾತಾಡಿದರೆ ನಗು ಬರುವ ಜಾತಿಯವನು, ಅಷ್ಟೆ. "ಇಳಿಸ್ದೇ ಓದ್ರೆ?"

"ಆಗ್ದೇ ಓದ್ರೆ ನೀವು ಯೋಳ್ದಂಗೆ ಮಾಡ್ತೀನಿ."

ಸಿಟ್ಟಿನಲ್ಲಿ ಆಡಿದ ಮಾತು. ಭಾವ ಹೋದ ಮೇಲೆ ಶ್ಯಾಮಲ ಕಾಫಿ ಲೋಟ ತೊಳೆಯಲು ಕೂತಳು. ಶ್ರೀಧರ್ ಅಂತೂ ಆಗ ಬಾಯಿ ಬಿಟ್ಟ. "ಏಳು ಸಾವಿರ ಎಂಗೆ ಇಳಿಸ್ತೀಯೇ? ತಲೆ ಕೆಟ್ಟದಾ ನಿಂಗೆ?"

"ಒಂದೇ ತಿಂಗಳಿಗೆ ಇಳಿಸ್ತೀನಿ ಅಂದ್ನಾ? ಒಂದೇ ಸಲ ಬಿಗುದ್ರೆ ಅಗ್ಗ ಕಿತ್ತೋಯ್ತದೆ. ತಿಂಗಳಿಗೊಂದು ಸುತ್ತು ಬಿಗೀತೀನಿ."

ಮೊದಲ ತಿಂಗಳು ಅವಳು ಏನನ್ನೂ ನಿಲ್ಲಿಸಲಿಲ್ಲ. ಹೋದದ್ದೆಲ್ಲ ಎಲ್ಲಿಗೆ ಹೋಯಿತೆಂದು ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತ ಹೋದಳು. ತಿಂಗಳ ಕೊನೆಗೆ ಓದಿದಾಗ ಅವಳಿಗೇ ಆಶ್ಚರ್ಯ. ದೊಡ್ಡ ಖರ್ಚುಗಳೆಲ್ಲ ಎದುರಿಗೇ ಕೂತಿದ್ದವು. ಕದ್ದು ತಿನ್ನುತ್ತಿದ್ದವು ಚಿಕ್ಕವು: ಸಂಜೆಯ ಬೇಕರಿ ಪೊಟ್ಟಣ, ಕೆಟ್ಟು ಎಸೆದ ತರಕಾರಿ, ಯಾರೂ ನೋಡದ ಕೇಬಲ್ಲು, ನವ್ಯ ಬಂಗಾರಪೇಟೆ ಕಾಲೇಜಿಗೆ ತಡವಾಯಿತೆಂದು ಹತ್ತುತ್ತಿದ್ದ ಶೇರ್ ಆಟೋ. ಅವೆಲ್ಲ ಸೇರಿ ಎರಡೂವರೆ ಸಾವಿರ.

ಎರಡನೇ ತಿಂಗಳಿಂದ ನವ್ಯ ಅರ್ಧ ಗಂಟೆ ಮುಂಚೆ ಎದ್ದು ಫ್ರೀ ಬಸ್ಸು ಹಿಡಿದಳು. ಕೇಬಲ್ಲಿಗೆ ಯಾರೂ ಅಳಲಿಲ್ಲ. ಅಂಗಡಿ ಅಕ್ಕಿಯ ಜಾಗಕ್ಕೆ ರಾತ್ರಿಯೂ ರಾಗಿ ಮುದ್ದೆ ಬಂತು. ಅದಕ್ಕೆ ಮುನಿನಾರಾಯಣಮ್ಮ, "ಈಗ ಊಟ ಮಾಡ್ದಂಗಾಯ್ತು," ಎಂದಳು. ಸಂತೆ ದಿನ ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗತೊಡಗಿದರು. ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದ ಮುದುಕಿ ಸಂತೆಯಲ್ಲಿ ಬೇರೆಯೇ ಹೆಂಗಸು. ಆಂಧ್ರದ ಗಡಿಯಿಂದ ಬಂದ ಈರುಳ್ಳಿಯವನ ಜೊತೆ ತೆಲುಗಿನಲ್ಲಿ, ಸೊಪ್ಪಿನವಳ ಜೊತೆ ಕನ್ನಡದಲ್ಲಿ, ತೆಂಗಿನಕಾಯಿಯವನ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡಿ, ಮೂವರನ್ನೂ ಬೈದು, ಮೂವರಿಂದಲೂ ಕೊಸರು ಹಾಕಿಸಿಕೊಂಡು ಬರುತ್ತಿದ್ದಳು. ಶ್ಯಾಮಲ ಚೀಲ ಹಿಡಿದು ಹಿಂದೆ ನಿಂತು ನಗುತ್ತಿದ್ದಳು. ಈ ಹೆಂಗಸನ್ನು ಖರ್ಚು ಅಂದನಲ್ಲ ಭಾವ ಎಂದುಕೊಳ್ಳುತ್ತಿದ್ದಳು.

ಖರ್ಚು ಇಪ್ಪತ್ತೊಂದೂವರೆಗೆ ಇಳಿದ ತಿಂಗಳೇ ಬೈಕಿನ ಎಂಜಿನ್ ಕೂತುಬಿಟ್ಟಿತು.

ಉರಿಗಾಂ ಸ್ಟೇಷನ್ ಮನೆಯಿಂದ ಹತ್ತು ನಿಮಿಷದ ನಡಿಗೆ. ಆದರೂ ಶ್ರೀಧರ್ ಬೈಕಿನಲ್ಲಿ ಬಂಗಾರಪೇಟೆವರೆಗೆ ಹೋಗಿ ಅಲ್ಲಿ ರೈಲು ಹತ್ತುತ್ತಿದ್ದ. ಅಲ್ಲಿ ಗಾಡಿಗಳು ಹೆಚ್ಚು, ಮುಂಜಾನೆ ಮುಕ್ಕಾಲು ಗಂಟೆ ಹೆಚ್ಚು ನಿದ್ದೆ. ಮೆಕ್ಯಾನಿಕ್ಕು ಏಳು ಸಾವಿರ ಕೇಳಿದ. ಶ್ರೀಧರ್ ಮುಖ ಸಣ್ಣ ಮಾಡಿಕೊಂಡು ಬಂದು ಹೆಂಡತಿಯ ಮುಂದೆ ಕೂತ.

"ನಿನ್ನ ಅಗ್ಗ ಕಿತ್ತೋಯ್ತು ಬಿಡು," ಎಂದ.

ಶ್ಯಾಮಲ ಒಗೆಯುವ ಬಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಏಳು ಸಾವಿರ ಎಲ್ಲಿಂದ ತರಲಿ ಎಂದು ಮೊದಲು ಯೋಚಿಸಿದಳು. ಬಟ್ಟೆ ಒಗೆಯುವಾಗ ಯಾಕೆ ತರಲಿ ಎಂದು ಹೊಳೆಯಿತು. ಬರುವ ಖರ್ಚು ಹೇಳಿ ಕೇಳಿ ಬರುವುದಿಲ್ಲ, ಸರಿ. ಬಂದದ್ದು ಸುಮ್ಮನೆ ತಿಂದುಕೊಂಡು ಹೋಗಬಾರದು. ಹೋಗುವಾಗ ಮನೆಯೊಳಗಿನ ಇನ್ನೊಂದು ಖರ್ಚನ್ನು ಕೈ ಹಿಡಿದು ಎಳೆದುಕೊಂಡು ಹೋಗಬೇಕು.

"ಬೈಕು ಮಾರ್ಬಿಡಿ," ಎಂದಳು ಸಂಜೆ.

"ಏನಂದೆ?"

"ಇದ್ದಂಗೇ ಮಾರ್ಬಿಡಿ. ಪೆಟ್ರೋಲು, ಸ್ಟ್ಯಾಂಡಿನ ಬಾಡಿಗೆ ಸೇರಿ ತಿಂಗಳಿಗೆ ಮೂರು ಸಾವಿರ ಕುಡೀತದೆ ಅದು. ಉರಿಗಾಂನಲ್ಲೇ ರೈಲು ಅತ್ತಿ. ಪಾಸು ಅದೇನು ಬಾಳ ಎಚ್ಚಲ್ಲ."

"ಮುಕ್ಕಾಲು ಗಂಟೆ ಮುಂಚೆ ಏಳ್ಬೇಕು ಕಣೇ ನಾನು!"

"ನಿಮ್ಮ ಮಗಳು ಅರ್ಧ ಗಂಟೆ ಮುಂಚೆ ಏಳ್ತವ್ಳೆ. ನಾನು ಅವಳಿಗಿಂತ ಮುಂಚೆ ಏಳ್ತೀನಿ. ನೀವೊಬ್ರೇ ಮಲಗಿರ್ಬೇಕಾ?"

ಶ್ರೀಧರ್‌ಗೆ ನೋವಾದದ್ದು ನಿದ್ದೆಗಲ್ಲ. ಆ ಬೈಕು ಅವನು ಸ್ವಂತ ದುಡಿಮೆಯಲ್ಲಿ ತೆಗೆದುಕೊಂಡ ಮೊದಲ ಗಾಡಿ. ಶ್ಯಾಮಲಳಿಗೆ ಅದು ಗೊತ್ತಿತ್ತು. ಬೈಕು ಕೊಂಡವನು ಅದನ್ನು ಗೂಡ್ಸ್ ಆಟೋಗೆ ಏರಿಸುವಾಗ ಶ್ರೀಧರ್ ಒಳಗೇ ಕೂತಿದ್ದ. ಅವಳು ಹೋಗಿ ಪಕ್ಕದಲ್ಲಿ ಕೂತಳು. ಸಮಾಧಾನದ ಮಾತು ಹೇಳಲಿಲ್ಲ, ಹೇಳಿದರೆ ಅವನು ಅತ್ತುಬಿಡುತ್ತಿದ್ದ. ಬಂದ ಒಂಬತ್ತು ಸಾವಿರವನ್ನು ನವ್ಯಳ ಹೆಸರಿನಲ್ಲಿ ಪೋಸ್ಟಾಫೀಸಿಗೆ ಕಟ್ಟಿದಳು. ನವ್ಯಳಿಗೆ ನರ್ಸಿಂಗ್ ಓದುವ ಆಸೆ. ಮೊದಲ ವರ್ಷದ ಫೀಸಿಗೆ ಅದು ಬುನಾದಿ.

ಒಂದು ವಾರ ಮುಖ ಊದಿಸಿಕೊಂಡೇ ರೈಲು ಹತ್ತಿದ ಶ್ರೀಧರ್, ಎರಡನೇ ವಾರ ಕಿಟಕಿ ಪಕ್ಕದ ಜಾಗ ಸಿಗುತ್ತದೆಂದು ಕಂಡುಕೊಂಡ. ಉರಿಗಾಂನಲ್ಲಿ ಗಾಡಿ ಖಾಲಿ ಇರುತ್ತಿತ್ತು. ಮುಕ್ಕಾಲು ಗಂಟೆಯ ನಿದ್ದೆಯನ್ನು ಅಲ್ಲೇ ಮುಗಿಸತೊಡಗಿದ.

ಡಿಸೆಂಬರಿನ ಹೊತ್ತಿಗೆ ಖರ್ಚು ಹದಿನೆಂಟೂವರೆ. ಗ್ಯಾಸು ನಲವತ್ತೈದು ದಿನ ಬರುತ್ತಿತ್ತು, ಸ್ನಾನದ ನೀರು ಸೌದೆ ಒಲೆಯ ಮೇಲಿತ್ತು, ಮೂರು ಮೊಬೈಲುಗಳ ಜಾಗದಲ್ಲಿ ಎರಡಕ್ಕೆ ಮಾತ್ರ ರೀಚಾರ್ಜು. ಅಶ್ವತ್ಥಪ್ಪನ ಹೆಂಡತಿಯ ಕಡೆಯ ಮದುವೆಯೊಂದು ನಡುವೆ ಬಂತು. ಹಿಂದೆಲ್ಲ ಸಾವಿರ ಮುಯ್ಯಿ ಮಾಡುತ್ತಿದ್ದ ಕಡೆ ಶ್ಯಾಮಲ ಇನ್ನೂರು ಬರೆಸಿದಳು. ಬರೆಯುತ್ತಿದ್ದವನು ಒಂದು ಸಲ ತಲೆ ಎತ್ತಿ ನೋಡಿದ. "ಇನ್ನೂರೇ, ಸರಿಯಾಗಿ ಬರ್ಕಳಿ," ಎಂದಳು, ಹಿಂದಿನ ಸಾಲಿಗೂ ಕೇಳುವ ಹಾಗೆ.

ಹೊಸ ವರ್ಷಕ್ಕೆ ಮನೆ ಮಾಲೀಕ ಬಂದ. ಬಾಡಿಗೆ ನಾಲ್ಕೂವರೆಯಿಂದ ಐದೂವರೆ, ಅಡ್ವಾನ್ಸು ಇನ್ನೂ ಹತ್ತು ಸಾವಿರ. ಒಪ್ಪಿಗೆ ಇಲ್ಲದಿದ್ದರೆ ತಿಂಗಳೊಳಗೆ ಖಾಲಿ ಮಾಡಿ ಎಂದ.

"ಖಾಲಿ ಮಾಡ್ತೀವಿ," ಎಂದಳು ಶ್ಯಾಮಲ. ಬೇಡಿಕೊಳ್ಳುತ್ತಾಳೆಂದು ಎಣಿಸಿದ್ದ ಮಾಲೀಕ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

ನಂದಿದುರ್ಗ ಗಣಿಯ ಹಳೆಯ ಲೈನಿನಲ್ಲಿ, ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ, ಒಂದು ಮನೆ ಎರಡು ಸಾವಿರಕ್ಕೆ ಸಿಕ್ಕಿತು. ಒಂದು ಕೋಣೆ, ಒಂದು ನಡುಮನೆ, ತಗಡಿನ ಮಾಡು, ಬೀದಿ ಕೊನೆಯಲ್ಲಿ ಹತ್ತು ಮನೆಗೊಂದು ನಲ್ಲಿ. ಶ್ರೀಧರ್ ಮನೆ ನೋಡಿ ಬಂದು ಚಪ್ಪಲಿಯ ಮಣ್ಣು ಒದರಿದ. ಆಮೇಲೆ, "ಓಗಾಣ. ಆದ್ರೆ ಬೆಳಗಿನ ಜಾವ ನಾಕು ಗಂಟೆಗೆ ಸಾಮಾನು ಸಾಗಿಸಾಣ. ಬೀದಿಯವರು ನೋಡಾದು ಬೇಡ," ಎಂದ.

"ಯಾಕೆ, ಕದ್ದಿದೀವಾ?" ಎಂದಳು ಶ್ಯಾಮಲ. "ನಾಕು ಗಂಟೆಗೆ ಸಾಮಾನು ಸಾಗಿಸೋರು ಬಾಡಿಗೆ ಮುಳುಗಿಸಿ ಓಗೋರು. ನಾವು ಒಂದು ತಿಂಗಳೂ ಬಾಕಿ ಮಡಗಿಲ್ಲ. ಅನ್ನೊಂದು ಗಂಟೆಗೆ ಓಗಾಣ, ಎಲ್ರೂ ಎದ್ದಿರ್ತಾರೆ."

ಹನ್ನೊಂದು ಗಂಟೆಗೇ ಹೋದರು. ಗೂಡ್ಸ್ ಆಟೋದ ಹಿಂಬದಿಯಲ್ಲಿ ಬೀರು, ಹಾಸಿಗೆ ಸುರುಳಿ, ಪಾತ್ರೆ ಮೂಟೆ. ಮೂಟೆಯ ಪಕ್ಕ ರುಬ್ಬುಗುಂಡು ಉರುಳದಂತೆ ಕಾಲು ಅಡ್ಡ ಕೊಟ್ಟುಕೊಂಡು ಮುನಿನಾರಾಯಣಮ್ಮ. ಮುಂದೆ ಕೂರು ಎಂದರೆ ಕೇಳಲಿಲ್ಲ. ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಒಬ್ಬಳು ದನಿ ಎಳೆದು, "ಎಲ್ಲೀಗಮ್ಮಾ?" ಎಂದಳು.

"ನಂದಿದುರ್ಗದ ಲೈನಿಗೆ!" ಮುದುಕಿ ಮೇಲಿನಿಂದಲೇ ಕೂಗಿದಳು. "ಎರಡು ಸಾವಿರ ಬಾಡಿಗೆ! ಇನ್ನೊಂದು ಮನೆ ಖಾಲಿ ಐತೆ, ಬತ್ತೀಯೇನು?"

ನವ್ಯ ಬಾಯಿಗೆ ದುಪ್ಪಟ್ಟ ಅಡ್ಡ ಹಿಡಿದು ನಕ್ಕಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಶ್ರೀಧರ್ ಕೂಡ ನಕ್ಕ.

ಜನವರಿಯ ಖರ್ಚು ಹದಿನಾರು ಸಾವಿರದ ಒಂಬೈನೂರು. ಶ್ಯಾಮಲ ಅದನ್ನು ಕೆಂಪು ಪೆನ್ನಿನಲ್ಲಿ ಬರೆದಳು. ಪಕ್ಕದ ಮನೆಯ ಕನಕಮ್ಮ ನಲ್ಲಿ ಸರದಿಯಲ್ಲಿ ಪರಿಚಯವಾಗಿ, ತಮಿಳು ಬೆರೆತ ಕನ್ನಡದಲ್ಲಿ ನೀರು ಬರುವ ಹೊತ್ತು ಹೇಳಿಕೊಟ್ಟಿದ್ದಳು. ಗಾಳಿ ಎದ್ದ ದಿನ ಗಣಿಯವರು ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದಿಮಣ್ಣು ತಟ್ಟೆಗೆ ಬೀಳದಂತೆ ಯಾವ ಕಿಟಕಿ ಮುಚ್ಚಬೇಕೆಂಬುದನ್ನೂ ಹೇಳಿದ್ದಳು. ಉಗಾದಿಗೆ ಇನ್ನೆರಡು ತಿಂಗಳು. ಗೆದ್ದೆ ಎಂದುಕೊಂಡಳು ಶ್ಯಾಮಲ.

ಫೆಬ್ರವರಿ ಎರಡನೇ ವಾರ ಮುನಿನಾರಾಯಣಮ್ಮ ನಲ್ಲಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದಳು. ಬೇಡವೆಂದರೂ ಕೇಳದೆ ಕೊಡ ಹಿಡಿದುಕೊಂಡು ಹೋಗಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಎರಡು ತುಂಡು.

ಕನಕಮ್ಮ ಆಟೋ ಹಿಡಿದು ತಂದಳು. ಅಲ್ಲಿಂದ ಕೋಲಾರಕ್ಕೆ, ದೊಡ್ಡಾಸ್ಪತ್ರೆಗೆ. ಹಾಸಿಗೆಗೆ ದುಡ್ಡು ಕೇಳಲಿಲ್ಲ. ಆದರೆ ಮೂಳೆಗೆ ಹಾಕಿದ ಪ್ಲೇಟು, ಹೊರಗಿನ ಔಷಧಿ, ಸ್ಕ್ಯಾನು, ಆರು ದಿನದ ಓಡಾಟ, ಶ್ರೀಧರನ ನಾಲ್ಕು ದಿನದ ಸಂಬಳ ಎಲ್ಲ ಸೇರಿದವು. ಶ್ಯಾಮಲ ಪೋಸ್ಟಾಫೀಸಿಗೆ ಹೋಗಿ ನವ್ಯಳ ಒಂಬತ್ತು ಸಾವಿರ ತೆಗೆದಳು. ಕೌಂಟರಿನಲ್ಲಿ ನವ್ಯಳೇ ಸಹಿ ಹಾಕಿದಳು. ಅಮ್ಮನ ಮುಖ ನೋಡಿ, "ಕಾಲೇಜು ಸೇರಕ್ಕೆ ಇನ್ನೂ ಟೈಮಿದೆ ಬಿಡಮ್ಮ," ಎಂದಳು. ಆ ಮಾತಿಗೇ ಶ್ಯಾಮಲಳ ಕಣ್ಣು ತುಂಬಿದ್ದು, ಅಲ್ಲಿಯವರೆಗೆ ತುಂಬಿರಲಿಲ್ಲ.

ಫೆಬ್ರವರಿಯ ಖರ್ಚು ಇಪ್ಪತ್ತಾರು ಸಾವಿರ.

ಮಾರ್ಚ್ ಮೊದಲ ಭಾನುವಾರ ಅಶ್ವತ್ಥಪ್ಪ ಬಂದ. ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದು ನೋಡಿದ್ದ, ಹಣ್ಣು ತಂದಿದ್ದ. ಲೈನ್ ಮನೆಗೆ ಬಂದದ್ದು ಇದೇ ಮೊದಲು. ತಲೆ ಬಗ್ಗಿಸಿ ಒಳಗೆ ಬಂದು, ತಗಡಿನ ಮಾಡು ನೋಡಿ, ತಾಯಿಯ ಕೈಯ ಕಟ್ಟು ನೋಡಿ, ಹಾಲಿನ ಕ್ಯಾನು ಕೆಳಗಿಟ್ಟ.

"ಎಷ್ಟಾಯ್ತಮ್ಮ ಓದ ತಿಂಗಳು?"

"ಇಪ್ಪತ್ತಾರು." ಶ್ಯಾಮಲ ಮುಚ್ಚಿಡಲಿಲ್ಲ.

"ನಾನು ಯೋಳಿರ್ಲಿಲ್ವಾ? ಖರ್ಚು ಅನ್ನಾದು ಯೋಳಿ ಬರಲ್ಲ. ನೀನು ಬೇಕರಿ, ಕೇಬಲ್ಲು ಅಂತ ಚಿಲ್ಲರೆ ಇಡ್ಕೊಂಡು ಕೂತಿದ್ದೆ. ಅಮ್ಮ ನನ್ನತ್ರ ಇದ್ದಿದ್ರೆ ನಲ್ಲಿ ತಾವ ಬೀಳ್ತಿದ್ಲಾ? ಸಾಕು. ಮಾತು ಕೊಟ್ಟಿದ್ದೆ ನೀನು. ನಾಳಿದ್ದು ಗಾಡಿ ಕಳಿಸ್ತೀನಿ, ಅಮ್ಮ ಬರ್ಲಿ. ಮುಳಬಾಗಿಲ್ನೋರ್ಗೆ ಫೋನ್ ಮಾಡ್ತೀನಿ."

ಶ್ಯಾಮಲ ಹಾಲಿನ ಕ್ಯಾನು ಎತ್ತಿ ಒಲೆಯ ಪಕ್ಕ ಇಟ್ಟಳು. ಮಾತು ಕೊಟ್ಟದ್ದು ನಿಜ. ಉಗಾದಿ ಇನ್ನೂ ಬಂದಿರಲಿಲ್ಲ, ಆದರೂ ಇಪ್ಪತ್ತಾರರ ಲೆಕ್ಕದೆದುರು ಸೋತದ್ದೂ ನಿಜ. ಆ ಮಾತಿಗೆ ಕಟ್ಟುಬಿದ್ದರೆ ಎರಡು ತಟ್ಟೆ ಎತ್ತಿಡಬೇಕು. ಎತ್ತಿಡುವುದನ್ನು ಕಣ್ಣೆದುರು ತಂದುಕೊಂಡಳು. ಆಗಲಿಲ್ಲ ಅವಳಿಂದ.

"ಬಾವ, ನಾನು ಸೋತೆ," ಎಂದಳು. "ಆದ್ರೂ ಕಳಿಸಲ್ಲ."

"ಇದೇನು ಮಾತು!"

"ಕೊಟ್ಟ ಮಾತು ತಪ್ತಾ ಇದೀನಿ. ಊರೆಲ್ಲಾ ಯೋಳ್ಕಂಡು ಬನ್ನಿ, ಸ್ಯಾಮಲ ಮಾತಿಗೆ ತಪ್ಪಿದ್ಲು ಅಂತ. ಅತ್ತೇನೂ ಮಗಳೂ ಪಣಕ್ಕೆ ಇಡೋ ವಸ್ತು ಅಲ್ಲ. ಅವತ್ತು ಇಟ್ಟಿದ್ದೇ ನನ್ನ ತಪ್ಪು. ಇಪ್ಪತ್ತಾರು ಆಯ್ತಾ, ಆಗ್ಲಿ. ಈ ತಿಂಗಳು ತಿರ್ಗಾ ಇಳಿಸ್ತೀನಿ. ಅದರ ಮುಂದಿನ ತಿಂಗಳು ಇನ್ನೊಂದು ಬಂದ್ರೆ, ತಿರ್ಗಾ ಇಳಿಸ್ತೀನಿ. ನನ್ನ ಕೈಯಿಂದ ಆಗಾದು ಅದು. ಮನುಷ್ಯರನ್ನ ಕಮ್ಮಿ ಮಾಡಾದು ಆಗಲ್ಲ."

ಅಶ್ವತ್ಥಪ್ಪ ತಮ್ಮನ ಕಡೆ ತಿರುಗಿದ. "ಏನ್ಲಾ, ನೀನೇನು ಮೂಗನಾ?"

ಶ್ರೀಧರ್ ಈ ಸಲ ನೆಲ ನೋಡಲಿಲ್ಲ. "ಅಣ್ಣ, ಅವಳ ಮಾತೇ ನಂದೂ," ಎಂದ. ಸಣ್ಣ ದನಿ. ಆದರೂ ಹೇಳಿದ.

ಅಷ್ಟರಲ್ಲಿ ಮೂಲೆಯಿಂದ ಮುದುಕಿಯ ಸಿಡಿಲು ಬಿತ್ತು. ಏಳು ತಿಂಗಳಿಂದ ತನ್ನ ವಿಷಯ ತನ್ನೆದುರೇ ಮಾತಾಡಿದ್ದನ್ನೆಲ್ಲ ನುಂಗಿಕೊಂಡಿದ್ದಳು ಅವಳು.

"ನಾನೇನು ಎಮ್ಮೇನ್ಲಾ ಅಶ್ವತ್ಥ, ಈ ಕೊಟ್ಟಿಗೆಯಿಂದ ಆ ಕೊಟ್ಟಿಗೆಗೆ ಒಡ್ಕೊಂಡೋಗಕ್ಕೆ? ಬಿದ್ದಿದ್ದು ನಾನು, ಮುರಿದಿದ್ದು ನನ್ನ ಕೈ. ನಿನ್ನ ಮನೇಲಿ ಬಚ್ಚಲಿಲ್ವಾ, ಅಲ್ಲಿ ಬೀಳಕ್ಕೆ ಬರಲ್ವಾ ನಂಗೆ? ನಾನು ಬತ್ತೀನಿ ಅಂದಾಗ ಬತ್ತೀನಿ, ಅಬ್ಬಕ್ಕೆ ಬತ್ತೀನಿ, ನೆಂಟ್ಳಂಗೆ ಬತ್ತೀನಿ. ಗಾಡಿ ಗೀಡಿ ಕಳಿಸಿದ್ಯೋ, ಎಡಗೈ ಇನ್ನೂ ಗಟ್ಟಿ ಐತೆ."

ಕೊನೆಗೆ ನವ್ಯ ಒಳಬಾಗಿಲಿಗೆ ಬಂದಳು. ಪರೀಕ್ಷೆ ನಡೆಯುತ್ತಿತ್ತು, ಕೈಯಲ್ಲಿ ಪುಸ್ತಕವಿತ್ತು. "ದೊಡ್ಡಪ್ಪ, ಮುಳಬಾಗಿಲ್ನೋರ್ಗೆ ಫೋನ್ ಮಾಡಿ," ಎಂದಳು. "ಉಡ್ಗಿ ಒಪ್ಲಿಲ್ಲ ಅಂತ ಏಳಿ. ಅಮ್ಮ ಒಪ್ಲಿಲ್ಲ ಅನ್ಬೇಡಿ. ನಾನು ಒಪ್ಲಿಲ್ಲ ಅನ್ನಿ."

ಅಶ್ವತ್ಥಪ್ಪ ಎದ್ದ. ಬಾಗಿಲು ತಗ್ಗೆಂಬುದು ಮರೆತು ಹಣೆ ತಗುಲಿಸಿಕೊಂಡ. ಊಟಕ್ಕೆ ನಿಲ್ಲಿ ಎಂದು ಶ್ಯಾಮಲ ಕರೆದಳು. ನಿಲ್ಲಲಿಲ್ಲ.

ಉಗಾದಿಗೆ ಭಾವನ ಮನೆಯಿಂದ ಕರೆ ಬರಲಿಲ್ಲ. ಪ್ರತಿ ವರ್ಷ ವಾರ ಮುಂಚೆಯೇ ಫೋನು ಬರುತ್ತಿತ್ತು. ಹಬ್ಬದ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಶ್ರೀಧರ್, "ಈ ಸಲ ಇಲ್ಲೇ ಮಾಡ್ಕಳಾಣ," ಎಂದ.

"ಯಾಕೆ?" ಎಂದಳು ಶ್ಯಾಮಲ. "ಅದು ಅತ್ತೆ ಮನೇನೂ ಅಲ್ವಾ? ಕರೀದೇ ಇದ್ರೆ ಅಬ್ಬ ಬರಲ್ವಾ? ಜಗಳ ಆಡಿದ್ದು ಸರಿ. ಸಂಬಂಧ ಕಮ್ಮಿ ಮಾಡ್ತೀನಿ ಅಂತ ನಾನು ಯಾವತ್ತೂ ಏಳ್ಲಿಲ್ಲ."

ಮುಂಜಾನೆ ಎದ್ದು ಒಬ್ಬಟ್ಟು ಮಾಡಿ ಡಬ್ಬಿಗೆ ತುಂಬಿದಳು. ನಾಲ್ವರೂ ಬೂದಿಕೋಟೆಯ ಬಸ್ಸು ಹತ್ತಿದರು. ಮೂವರು ಹೆಂಗಸರಿಗೆ ಟಿಕೇಟಿಲ್ಲ, ಶ್ರೀಧರ್‌ಗೊಬ್ಬನಿಗೇ ಟಿಕೇಟು. ಹಳೇ ಸೀರೆಯನ್ನೇ ಗಂಜಿ ಹಾಕಿ ಇಸ್ತ್ರಿ ಮಾಡಿ ಉಟ್ಟಿದ್ದಳು ಶ್ಯಾಮಲ. ಮುನಿನಾರಾಯಣಮ್ಮ ಕಟ್ಟು ಹಾಕಿದ ಕೈಯನ್ನು ಮುಂದೆ ಹಿಡಿದು, ಊರಿನ ಬೀದಿಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತ, ಮೆರವಣಿಗೆಯ ಹಾಗೆ ನಡೆದಳು.

ಅಶ್ವತ್ಥಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅಂಗಳದಲ್ಲಿ ನಾಲ್ವರನ್ನು ಕಂಡು ಹುಲ್ಲಿನ ಕಂತೆ ಕೈಯಲ್ಲೇ ಹಿಡಿದು ನಿಂತ. ಅವನ ಮುಖದಲ್ಲಿ ಏನೇನೋ ಬಂದುಹೋಯಿತು. ಕೊನೆಗೆ, "ಬನ್ನಿ ಬನ್ನಿ, ಕೈಕಾಲು ತೊಳ್ಕಳಿ. ಬಿಸಿಲಾಗ್ ಬಂದಿದೀರಿ," ಎಂದು ಹೆಂಡತಿಯನ್ನು ಕೂಗಿದ.

ಬೇವುಬೆಲ್ಲ ಆಯಿತು. ಎಲೆ ಹಾಕಿದರು. ತಾಯಿಯ ಬಲಗೈಗೆ ಆಗುವುದಿಲ್ಲವೆಂದು ಅಶ್ವತ್ಥಪ್ಪನೇ ಪಕ್ಕದಲ್ಲಿ ಕೂತು ಒಬ್ಬಟ್ಟು ಮುರಿದುಕೊಟ್ಟ. ಆಮೇಲೆ ತುಪ್ಪದ ಗಿಂಡಿ ಹಿಡಿದು ತಾನೇ ಬಡಿಸುತ್ತ ಬಂದವನು ಶ್ಯಾಮಲಳ ಎಲೆಯ ಮುಂದೆ ನಿಂತ. ತಡೆದುಕೊಳ್ಳಲು ಅವನಿಂದ ಆಗಲಿಲ್ಲ.

"ಅಲ್ಲಮ್ಮ, ಈ ತಿಂಗಳು ಎಷ್ಟಕ್ಕೆ ಬಂತು?"

ತಿಂಗಳು ಇನ್ನೂ ಪೂರ್ತಿ ಮುಗಿದಿರಲಿಲ್ಲ. ಆದರೆ ಹಬ್ಬದ ಬೆಲ್ಲ ಬೇಳೆಯೂ ಸೇರಿ ಎಲ್ಲಿಗೆ ನಿಲ್ಲುತ್ತದೆಂದು ಶ್ಯಾಮಲಳಿಗೆ ರೂಪಾಯಿ ಸಹಿತ ಗೊತ್ತಿತ್ತು. ಹದಿನೈದು ಸಾವಿರದ ನಾನೂರು. ಅದು ನಾಲಿಗೆಯ ತುದಿಯವರೆಗೂ ಬಂತು. ಹೇಳಿದರೆ ಭಾವನ ಮುಖ ನೋಡುವ ಹಾಗಿರುತ್ತಿತ್ತು.

"ಅದು ನಮ್ಮನೆ ಲೆಕ್ಕ ಬಾವ," ಎಂದಳು. "ನೀವು ತುಪ್ಪ ಆಕಿ. ಇನ್ನೊಂದು ಚೂರು ಆಕಿ, ಅಬ್ಬ ಅಲ್ವಾ."